ಪಿಸಿಎಂಬಿ ತಗೊಂಡರೆ ಎರಡೂ ಬಾಗಿಲು ತೆರೆದಿರುತ್ತಾ?

ಪ್ರಶ್ನೆ: ನಮ್ಮದು ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿ. ತೆಂಗು, ರಾಗಿ, ನಾಲ್ಕು ಹಸು. ಮಗಳು ಒಂದರಿಂದ ಹತ್ತರವರೆಗೂ ಊರಿನ ಸರ್ಕಾರಿ ಶಾಲೆಯಲ್ಲೇ ಕನ್ನಡ ಮಾಧ್ಯಮದಲ್ಲಿ ಓದಿ, ಈ ಸಲ ಎಸ್ಸೆಸ್ಸೆಲ್ಸಿಯಲ್ಲಿ 571 ಅಂಕ ತಗೊಂಡಿದ್ದಾಳೆ. ವಿಜ್ಞಾನದಲ್ಲಿ 94, ಗಣಿತದಲ್ಲಿ 83. ದನದ ಡಾಕ್ಟರ್ ಆಗಬೇಕು ಅಂತ ಅವಳ ಆಸೆ. ಬೆಂಗಳೂರಿನಲ್ಲಿರುವ ನಮ್ಮ ಭಾವ ಮಾತ್ರ, ‘ಪಿಸಿಎಂಸಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಕಂಪ್ಯೂಟರ್) ಕೊಡಿಸಿ, ಕಂಪ್ಯೂಟರ್ ಸೈನ್ಸ್ ಇಲ್ಲದಿದ್ದರೆ ಇಂಜಿನಿಯರಿಂಗ್ ಕೈತಪ್ಪುತ್ತೆ’ ಅಂತಾರೆ. ಶಾಲೆಯ ಮೇಷ್ಟ್ರು ‘ಪಿಸಿಎಂಬಿ (ಕಂಪ್ಯೂಟರ್ ಬದಲು ಬಯಾಲಜಿ) ತಗೊಳ್ಳಿ, ಎರಡೂ ಬಾಗಿಲು ತೆರೆದಿರುತ್ತೆ’ ಅಂದರು. ಕರಾವಳಿ ಕಡೆಯ ಒಂದು ವಸತಿ ಪಿಯು ಕಾಲೇಜಿನವರು ಫೋನ್ ಮಾಡಿ, ಕೋಚಿಂಗ್, ಹಾಸ್ಟೆಲ್ ಎಲ್ಲಾ ಸೇರಿ ವರ್ಷಕ್ಕೆ 2.6 ಲಕ್ಷ ಹೇಳುತ್ತಿದ್ದಾರೆ. ಈಗ ಪಿಯುಸಿ ಅಂಕಕ್ಕೆ ಬೆಲೆ ಇಲ್ಲ, ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿ, ವೈದ್ಯಕೀಯದ ರಾಷ್ಟ್ರೀಯ ಪರೀಕ್ಷೆ ನೀಟ್ ಇವೆರಡೇ ಲೆಕ್ಕಕ್ಕೆ ಅನ್ನೋದು ಅವರ ಮಾತು. ಒಡವೆ ಅಡ ಇಟ್ಟರೆ ಒಂದು ವರ್ಷದ್ದು ಕಟ್ಟಬಹುದು. ಇಂಗ್ಲಿಷ್‌ನಲ್ಲಿ ವಿಜ್ಞಾನ ಓದೋಕೆ ಆಗುತ್ತಾ ಅನ್ನೋ ಹೆದರಿಕೆ ಬೇರೆ. ಪಿಯುಸಿಗೆ ಪಟ್ಟಣಕ್ಕೆ ಕಳಿಸಿದರೆ ಗ್ರಾಮೀಣ ಕೋಟಾ ಹೋಗುತ್ತೆ ಅಂತಲೂ ಯಾರೋ ಹೇಳಿದರು. ಏನು ಮಾಡೋದು?

ಉತ್ತರ: ನೀವು ಕೇಳಿರುವುದು ನಾಲ್ಕೈದು ಪ್ರಶ್ನೆ. ಹಿಂದಿರುವ ಭಯ ಮಾತ್ರ ಒಂದೇ: ಜೂನ್‌ನಲ್ಲಿ ಹಾಕುವ ಒಂದು ಸಹಿ ತಪ್ಪಿದರೆ ಮಗಳ ಬದುಕೇ ತಪ್ಪುತ್ತದೇನೋ ಅನ್ನುವುದು. ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸಿಕೊಂಡು, ದಾಖಲಾತಿ ಸಮಯದಲ್ಲಿ ಪೋಷಕರ ಜೊತೆ ಕೂತು ಮಾತಾಡಿಕೊಂಡು ಬಂದವನು ನಾನು. ಮೊದಲು ತೀರ್ಮಾನ ಹೇಳಿಬಿಡುತ್ತೇನೆ, ಆಮೇಲೆ ಕಾರಣ. ಪಿಸಿಎಂಬಿ ಕೊಡಿಸಿ. ಒಡವೆ ಈ ವರ್ಷ ಮುಟ್ಟಬೇಡಿ. ಗ್ರಾಮೀಣ ಕೋಟಾ ಎಲ್ಲೂ ಹೋಗುವುದಿಲ್ಲ.

ಮೊದಲು ನಿಮ್ಮ ಭಾವನವರ ಮಾತು ನೋಡೋಣ. ಇದನ್ನು ಓದಿದವರೂ ನಂಬುತ್ತಾರೆ. ಕರ್ನಾಟಕದಲ್ಲಿ ಬಿ.ಇ. ಸೇರಲು ಪಿಯುಸಿಯಲ್ಲಿ ಫಿಸಿಕ್ಸ್ ಮತ್ತು ಗಣಿತ ಕಡ್ಡಾಯ. ಮೂರನೆಯ ವಿಷಯ ಕೆಮಿಸ್ಟ್ರಿ, ಬಯಾಲಜಿ, ಕಂಪ್ಯೂಟರ್, ಎಲೆಕ್ಟ್ರಾನಿಕ್ಸ್, ಬಯೋಟೆಕ್ನಾಲಜಿಗಳಲ್ಲಿ ಯಾವುದಾದರೂ ಆಗಬಹುದು. ಕಂಪ್ಯೂಟರ್ ಸೈನ್ಸ್ ಇಂಜಿನಿಯರಿಂಗ್‌ಗೂ ಇದೇ ನಿಯಮ. ಪಿಯುಸಿಯಲ್ಲಿ ಕಂಪ್ಯೂಟರ್ ಓದಿದವರಿಗೆ ಅಲ್ಲಿ ಒಂದು ಅಂಕವೂ ಹೆಚ್ಚು ಸಿಗುವುದಿಲ್ಲ. ಪ್ರೋಗ್ರಾಮಿಂಗ್ ಪರಿಚಯ ಇರುವುದರಿಂದ ಬಿ.ಇ. ಮೊದಲ ಸೆಮಿಸ್ಟರ್‌ನಲ್ಲಿ ಕೊಂಚ ಸಲೀಸಾಗುತ್ತದೆ, ಅಷ್ಟೆ. ಬಯಾಲಜಿ ಬಿಟ್ಟವರ ಪರಿಸ್ಥಿತಿ ಬೇರೆ. ಪಶುವೈದ್ಯಕೀಯಕ್ಕೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಇಂಗ್ಲಿಷ್ ಬೇಕೇ ಬೇಕು. ಬಯಾಲಜಿ ಇಲ್ಲದೆ ಅರ್ಜಿಯನ್ನೇ ಹಾಕಲಾಗದು. ಪಿಯುಸಿ ಮುಗಿದ ಮೇಲೆ ಬಯಾಲಜಿಯನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿಕೊಂಡವರೂ ನೀಟ್ ಬರೆಯಬಹುದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರಲ್ಲಿ ದಾರಿ ಬಿಟ್ಟುಕೊಟ್ಟಿದೆ, ನಿಜ. ಆದರೆ ಅದು ಸುತ್ತು ದಾರಿ. ಹಸುವಿನ ಪಕ್ಕ ಬೆಳೆದ, ದನದ ಡಾಕ್ಟರ್ ಆಗಬೇಕೆನ್ನುವ ಹುಡುಗಿ ಆ ಸುತ್ತು ಯಾಕೆ ಹಾಕಬೇಕು?

ಇನ್ನು ಮೇಷ್ಟ್ರ ‘ಎರಡೂ ಬಾಗಿಲು’. ಅರ್ಜಿಯ ಮಟ್ಟಿಗೆ ಅವರ ಮಾತು ಸರಿ. ಓದಿನ ಮಟ್ಟಿಗೆ ಅರ್ಧ ಸರಿ. ಪಿಸಿಎಂಬಿ ತೆಗೆದುಕೊಂಡ ಮಕ್ಕಳು ಕಷ್ಟಪಡುವುದು ನಾಲ್ಕು ವಿಷಯ ಇದೆ ಅಂತಲ್ಲ, ಮನೆಯವರು ‘ಎರಡೂ ಇರಲಿ’ ಎಂದು ಇಂಜಿನಿಯರಿಂಗ್‌ನ ರಾಷ್ಟ್ರಮಟ್ಟದ ಪರೀಕ್ಷೆ ಜೆಇಇ, ನೀಟ್ ಎರಡಕ್ಕೂ ಕೂರಿಸುತ್ತಾರಲ್ಲ, ಆ ಕಾರಣಕ್ಕೆ. ಜೆಇಇ ಮೈನ್ ಗಣಿತ ಬೇಡುವ ಕಸರತ್ತೇ ಬೇರೆ. ನೀಟ್‌ನಲ್ಲಿ ಗಣಿತವೇ ಇಲ್ಲ, 180 ಪ್ರಶ್ನೆಗಳಲ್ಲಿ 90 ಬಯಾಲಜಿ, ಅದೂ ಎನ್‌ಸಿಇಆರ್‌ಟಿ ಪುಸ್ತಕದ ಸಾಲು ಸಾಲನ್ನೂ ಬಲ್ಲವರಿಗೆ. ಎರಡಕ್ಕೂ ಒಟ್ಟಿಗೆ ಓಡುವ ಮಗು ಬಹಳ ಸಲ ಎರಡರಲ್ಲೂ ಮಧ್ಯದಲ್ಲಿ ಉಳಿಯುತ್ತದೆ. ನಿಮ್ಮ ಮಗಳಿಗೆ ಗಣಿತದಲ್ಲಿ 83, ವಿಜ್ಞಾನದಲ್ಲಿ 94. ಒಂದು ಪರೀಕ್ಷೆಯ ಅಂಕ ನೋಡಿ ಹಣೆಬರಹ ಹೇಳಬಾರದು, ಆದರೂ ಅವಳ ಆಸೆ, ಅಂಕ ಎರಡೂ ಒಂದೇ ಕಡೆ ಬೆರಳು ತೋರಿಸುತ್ತಿವೆ. ನನ್ನ ಸಲಹೆ: ಜೆಇಇ ಬಿಡಿ. ಸಿಇಟಿ ಮುಖ್ಯ ಗುರಿಯಾಗಲಿ, ನೀಟ್ ಜೊತೆಗಿರಲಿ.

ಸಿಇಟಿ ಮುಖ್ಯ ಅಂದದ್ದಕ್ಕೆ ಕಾರಣ ಇದೆ. ಪಶುವೈದ್ಯಕೀಯಕ್ಕೂ ನೀಟ್ ಒಂದೇ ದಾರಿ ಎಂದು ಬಹಳ ಮಂದಿ ತಿಳಿದಿದ್ದಾರೆ. ನಮ್ಮ ರಾಜ್ಯದಲ್ಲಿ ಬಿ.ವಿ.ಎಸ್ಸಿ. (ಪಶುವೈದ್ಯ ಪದವಿ) ಸೀಟುಗಳ ದೊಡ್ಡ ಪಾಲನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಸಿಇಟಿ ರ‍್ಯಾಂಕ್ ಮೇಲೆ ಹಂಚುತ್ತದೆ. ನೀಟ್ ಅಂಕ ಬೇಕಾಗುವುದು ಭಾರತೀಯ ಪಶುವೈದ್ಯಕೀಯ ಪರಿಷತ್ತು ತುಂಬುವ ಶೇ. 15ರ ಅಖಿಲ ಭಾರತ ಪಾಲಿಗೆ. ಬೀದರ್‌ನ ಪಶು ವಿಶ್ವವಿದ್ಯಾಲಯದ ಅಡಿಯಲ್ಲಿ ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಗದಗಗಳಲ್ಲಿ ಕಾಲೇಜುಗಳಿವೆ. ನಿಮ್ಮ ಜಿಲ್ಲಾ ಕೇಂದ್ರವಾದ ಹಾಸನದಲ್ಲೇ ಒಂದಿದೆ. ಒಂದು ದಿನ ಮಗಳನ್ನು ಕರೆದುಕೊಂಡು ಹೋಗಿ, ಅಲ್ಲಿ ಓದುತ್ತಿರುವ ಹುಡುಗಿಯರ ಜೊತೆ ಮಾತಾಡಿಸಿ. ಇಂಟರ್ನ್‌ಷಿಪ್ ಸೇರಿ ಐದೂವರೆ ವರ್ಷದ ಓದು ಅದು. ಮನೆಯ ಹಸುವಿನ ಮೈದಡವುವುದು ಬೇರೆ, ಸತ್ತ ಪ್ರಾಣಿಯನ್ನು ಕೊಯ್ದು ನೋಡುವುದು ಬೇರೆ. ಅದನ್ನೂ ತಿಳಿದುಕೊಂಡು ಬರಲಿ. ಕೃಷಿ ಮತ್ತು ಪಶುವೈದ್ಯ ಕೋರ್ಸ್‌ಗಳಲ್ಲಿ ಕೃಷಿಕ ಕುಟುಂಬದ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಅದರ ಷರತ್ತು ಆಗಾಗ ಬದಲಾಗುವುದರಿಂದ ಅರ್ಜಿ ಹಾಕುವ ವರ್ಷದ ಕೈಪಿಡಿಯನ್ನೇ ಓದಿ, ಹೋದ ವರ್ಷದ ಯಾರದ್ದೋ ಅನುಭವ ನಂಬಬೇಡಿ.

ಸಿಇಟಿಯ ಇನ್ನೊಂದು ಅನುಕೂಲ, ಒಂದೇ ಅರ್ಜಿಯಲ್ಲಿ ಪಶುವೈದ್ಯ, ಬಿ.ಎಸ್ಸಿ. ಕೃಷಿ, ಫಾರ್ಮಸಿ, ನರ್ಸಿಂಗ್, ಇಂಜಿನಿಯರಿಂಗ್ ಎಲ್ಲಕ್ಕೂ ರ‍್ಯಾಂಕ್ ಬರುತ್ತದೆ. ನೀಟ್ ಒಂದನ್ನೇ ನಂಬಿ ಕೂತವರಿಗೆ ಈ ಆಸರೆ ಇರುವುದಿಲ್ಲ. 2025ರಲ್ಲಿ ನೀಟ್ ಬರೆದವರು ಸುಮಾರು 22 ಲಕ್ಷ. ದೇಶದಲ್ಲಿರುವ ಎಂಬಿಬಿಎಸ್ ಸೀಟುಗಳು, ಸರ್ಕಾರಿ ಖಾಸಗಿ ಎರಡೂ ಸೇರಿ, ಸುಮಾರು ಒಂದೂಕಾಲು ಲಕ್ಷ. ಈ ಅಂಕಿ ಫೋನ್ ಮಾಡುವವರ ಬಾಯಲ್ಲಿ ಬರುವುದಿಲ್ಲ.

ಈಗ ‘ಪಿಯುಸಿ ಅಂಕಕ್ಕೆ ಬೆಲೆ ಇಲ್ಲ’ ಅನ್ನುವ ಮಾತು. ನನಗೆ ಎಲ್ಲಕ್ಕಿಂತ ಸಿಟ್ಟು ಬರಿಸುವುದು ಇದೇ, ಯಾಕೆಂದರೆ ಇದನ್ನು ನಂಬಿ ಮಕ್ಕಳು ಪ್ರಾಕ್ಟಿಕಲ್ ಬಿಡುತ್ತಾರೆ, ಉತ್ತರ ಬರೆಯುವ ಅಭ್ಯಾಸ ಬಿಡುತ್ತಾರೆ. ಈ ಸುಳ್ಳು ಹುಟ್ಟಿದ್ದಕ್ಕೂ ಒಂದು ಕಾರಣ ಉಂಟು. 2021ರಲ್ಲಿ ಕೋವಿಡ್‌ನಿಂದ ದ್ವಿತೀಯ ಪಿಯು ಪರೀಕ್ಷೆ ನಡೆಯಲಿಲ್ಲ, ಆ ವರ್ಷ ಸಿಇಟಿ ಅಂಕದ ಮೇಲಷ್ಟೇ ರ‍್ಯಾಂಕ್ ಕೊಟ್ಟರು. ಮರುವರ್ಷ ಅದೇ ಬ್ಯಾಚಿನ ಮಕ್ಕಳು ಮತ್ತೆ ಸಿಇಟಿ ಬರೆದಾಗ ಅವರ ಪಿಯು ಅಂಕ ಪರಿಗಣಿಸಬೇಕೋ ಬೇಡವೋ ಎಂದು ವಿವಾದ ಹೈಕೋರ್ಟಿಗೂ ಹೋಯಿತು. ಆ ಗದ್ದಲದಲ್ಲಿ ‘ಪಿಯು ಅಂಕ ತೆಗೆದುಹಾಕಿದ್ದಾರಂತೆ’ ಅನ್ನುವುದು ಜನರ ತಲೆಯಲ್ಲಿ ಉಳಿದುಬಿಟ್ಟಿತು. ಇಂಜಿನಿಯರಿಂಗ್ ರ‍್ಯಾಂಕಿಗೆ ಈಗ ಪಿಯು ಅಂಕ ಅರ್ಧ, ಸಿಇಟಿ ಅರ್ಧ. ಕೃಷಿ, ಪಶುವೈದ್ಯ ರ‍್ಯಾಂಕಿಗೂ ಪಿಯು ಅಂಕ ಸೇರುತ್ತದೆ.

ಒಂದು ಲೆಕ್ಕ ಹಾಕಿ ನೋಡಿ. ಒಬ್ಬಳಿಗೆ ಸಿಇಟಿಯಲ್ಲಿ 180ಕ್ಕೆ 100, ಪಿಯುಸಿಯ ಮೂರು ವಿಷಯಗಳಲ್ಲಿ 300ಕ್ಕೆ 285. ಇನ್ನೊಬ್ಬನಿಗೆ ಸಿಇಟಿಯಲ್ಲಿ 115, ಪಿಯುಸಿಯಲ್ಲಿ 240. ಎರಡನ್ನೂ ಅರ್ಧರ್ಧ ಕೂಡಿಸಿದರೆ ಅವಳದು ಶೇ. 75ರ ಮೇಲೆ, ಅವನದು 72ರ ಒಳಗೆ. ಸಿಇಟಿಯಲ್ಲಿ ಹದಿನೈದು ಅಂಕ ಹೆಚ್ಚು ತೆಗೆದವನು ಹಿಂದೆ ಬಿದ್ದ. ಹಳ್ಳಿಯ ಸರ್ಕಾರಿ ಶಾಲೆಯಿಂದ ಬಂದ, ಶ್ರದ್ಧೆಯಿಂದ ಬರೆಯುವ ಮಕ್ಕಳಿಗೆ ಈ ಅರ್ಧ ಭಾಗ ದೊಡ್ಡ ವರ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಪ್ರಾಕ್ಟಿಕಲ್‌ಗೆ ತಲಾ 30 ಅಂಕ ಇದೆ, ಅದನ್ನು ಕೈಬಿಡುವುದು ಅಂದರೆ ಕೈಗೆ ಬಂದ ದುಡ್ಡು ಎಸೆದಂತೆ. ನೀಟ್‌ನಲ್ಲಿ ಮಾತ್ರ ಪಿಯು ಅಂಕ ಅರ್ಹತೆಗಷ್ಟೇ: ಸಾಮಾನ್ಯ ವರ್ಗಕ್ಕೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಸೇರಿ ಶೇ. 50, ಮೀಸಲು ವರ್ಗಗಳಿಗೆ ಶೇ. 40. ಆ ಒಂದು ಪರೀಕ್ಷೆಯ ನಿಯಮವನ್ನು ಹಿಡಿದು ಎಲ್ಲಕ್ಕೂ ಅದೇ ಎಂದು ಸಾರುತ್ತಿದ್ದಾರೆ.

ಎರಡೂ ಪರೀಕ್ಷೆ ಬರೆಯುವ ರೀತಿಯೂ ಬೇರೆ ಎಂದು ಮಗಳಿಗೆ ಹೇಳಿಡಿ. ಸಿಇಟಿಯಲ್ಲಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಅಂಕ ಕಡಿತ ಇಲ್ಲ. ಹಾಗಾಗಿ ಒಂದನ್ನೂ ಖಾಲಿ ಬಿಡಬಾರದು. ನೀಟ್‌ನಲ್ಲಿ 180 ಪ್ರಶ್ನೆಗೆ 180 ನಿಮಿಷ, ತಪ್ಪಾದರೆ ಒಂದು ಅಂಕ ಹೋಗುತ್ತದೆ.

ವಸತಿ ಕಾಲೇಜಿನ ವಿಷಯಕ್ಕೆ ಬರೋಣ. ಅಂಥ ಎಲ್ಲ ಕಾಲೇಜುಗಳೂ ಮೋಸ ಅನ್ನುವವನಲ್ಲ ನಾನು. ಶಿಸ್ತಾಗಿ ಪಾಠ ಮಾಡುವ, ವಾರವಾರ ಪರೀಕ್ಷೆ ನಡೆಸಿ ತಪ್ಪು ತಿದ್ದುವ ಜಾಗಗಳಿವೆ. ಆದರೆ ರ‍್ಯಾಂಕ್ ಬಂದವರ ಫೋಟೋ ತುಂಬಿದ ಪುಟ ನೋಡುವಾಗ ಒಂದು ನೆನಪಿಡಿ. ಎಸ್ಸೆಸ್ಸೆಲ್ಸಿಯಲ್ಲಿ 610, 615 ತೆಗೆದ ಮಕ್ಕಳನ್ನು ಬಹಳ ಕಡೆ ಶುಲ್ಕ ಬಿಟ್ಟು ಕರೆದು ತರುತ್ತಾರೆ, ಅವರಿಗೆ ಬೇರೆ ಸೆಕ್ಷನ್, ಒಳ್ಳೆಯ ಅಧ್ಯಾಪಕರು. ಪೂರ್ತಿ ಶುಲ್ಕ ಕಟ್ಟುವ ಮಕ್ಕಳು ಉಳಿದ ಸೆಕ್ಷನ್‌ಗಳಲ್ಲಿ. ನಿಮ್ಮ 2.6 ಲಕ್ಷ ಯಾವ ಸೆಕ್ಷನ್ನಿನ ಬೆಲೆ? ಫೋನ್ ಮಾಡಿದವರನ್ನೇ ಕೇಳಿ: ಹೋದ ವರ್ಷ ನೀಟ್ ಬರೆದವರು ಒಟ್ಟು ಎಷ್ಟು ಮಂದಿ, ಅವರಲ್ಲಿ ಸರ್ಕಾರಿ ಸೀಟು ಸಿಕ್ಕಿದ್ದು ಎಷ್ಟು ಜನಕ್ಕೆ, ಅದರಲ್ಲಿ ಎರಡನೇ ಸಲ ಬರೆದವರು ಎಷ್ಟು? ಮಗು ಮೂರು ತಿಂಗಳಲ್ಲಿ ವಾಪಸ್ ಬಂದರೆ ಎಷ್ಟು ಹಣ ಹಿಂದಿರುಗಿಸುತ್ತೀರಿ, ಅದನ್ನು ಬರವಣಿಗೆಯಲ್ಲಿ ಕೊಡುತ್ತೀರಾ? ಮೂಲ ಅಂಕಪಟ್ಟಿ, ಟಿ.ಸಿ. ಇಟ್ಟುಕೊಳ್ಳುತ್ತೀರಾ? ಉತ್ತರ ತೇಲಿಸಿದರೆ ಅದೇ ಉತ್ತರ.

ಹಣಕ್ಕಿಂತ ದೊಡ್ಡ ಅಪಾಯ ಮಗುವಿನದು. ಹದಿನಾರಕ್ಕೆ ಮೊದಲ ಸಲ ಮನೆ ಬಿಟ್ಟು, ಮಾಧ್ಯಮ ಬದಲಾಗಿ, ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗಿನ ವೇಳಾಪಟ್ಟಿಗೆ ಸಿಕ್ಕಿಕೊಂಡ ಮಕ್ಕಳು, ಊರಿನಲ್ಲಿ ತರಗತಿಗೇ ಮೊದಲಿದ್ದವರು, ಅಲ್ಲಿ ಮೊದಲ ಟೆಸ್ಟಿನಲ್ಲಿ ಕೊನೆಯ ಸಾಲಿಗೆ ಹೋಗುತ್ತಾರೆ. ಅದನ್ನು ಮನೆಗೆ ಹೇಳುವುದಿಲ್ಲ, ಅಮ್ಮನ ಬಳೆ ಅಡ ಇಟ್ಟಿದ್ದಾರೆ ಅನ್ನುವ ಭಾರ ಬೇರೆ ತಲೆಯ ಮೇಲೆ. ಆ ಭಾರ ಹೊತ್ತ ಮಕ್ಕಳ ಮುಖ ನಾನು ಬಲ್ಲೆ, ಅವರಿಗೆ ಸುಲಭದ ಲೆಕ್ಕವೂ ಕೈಗೂಡುವುದಿಲ್ಲ. ನಿಮ್ಮ ಕೈಯಲ್ಲಿರುವುದು ಒಂದು ವರ್ಷದ ಹಣ. ಎರಡನೇ ವರ್ಷಕ್ಕೆ ಏನು ಮಾಡುತ್ತೀರಿ? ಅದಾದ ಮೇಲೆ ಐದೂವರೆ ವರ್ಷದ ಓದು, ಹಾಸ್ಟೆಲ್, ಪುಸ್ತಕ ಇದೆ. ಮೊದಲ ಯತ್ನದಲ್ಲಿ ಸೀಟು ಸಿಗದೆ ಇನ್ನೊಂದು ವರ್ಷ ಬರೆಯುತ್ತೇನೆ ಅಂದರೂ ಆಗ ಹಣ ಬೇಕು. ಒಡವೆಗೆ ಆ ಹೊತ್ತಿನಲ್ಲಿ ಹೆಚ್ಚು ಬೆಲೆ.

ಹಾಗಾದರೆ ಎಲ್ಲಿ ಸೇರಿಸೋದು? ನನ್ನ ಕಣ್ಣಿಗೆ ಮೂರು ದಾರಿ. ಅರಸೀಕೆರೆಯಲ್ಲೋ ಹತ್ತಿರದಲ್ಲೋ ಇರುವ ಸರ್ಕಾರಿ ಪಿಯು ಕಾಲೇಜು: ಖರ್ಚು ತೀರಾ ಕಡಿಮೆ, ಮಗಳು ಮನೆಯಲ್ಲಿರುತ್ತಾಳೆ. ಅಪಾಯ ಉಪನ್ಯಾಸಕರ ಕೊರತೆ. ಹುದ್ದೆ ಖಾಲಿ ಇದ್ದರೆ ಅತಿಥಿ ಉಪನ್ಯಾಸಕರು ಬರುವಷ್ಟರಲ್ಲಿ ಮೊದಲ ತಿಂಗಳುಗಳು ಕಳೆದಿರುತ್ತವೆ. ಸೇರುವ ಮೊದಲೇ ಪ್ರಾಂಶುಪಾಲರನ್ನು ಕಂಡು, ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ ನಾಲ್ಕಕ್ಕೂ ಕಾಯಂ ಉಪನ್ಯಾಸಕರಿದ್ದಾರಾ ಎಂದು ಕೇಳಿ. ನಾಲ್ಕೂ ಇದ್ದರೆ ಎರಡನೇ ಯೋಚನೆ ಬೇಡ. ಇಲ್ಲದಿದ್ದರೆ ಹಾಸನದ ಸಾಧಾರಣ ಶುಲ್ಕದ ಅನುದಾನಿತ ಅಥವಾ ಖಾಸಗಿ ಕಾಲೇಜು, ಇಲಾಖೆಯ ವಿದ್ಯಾರ್ಥಿನಿಲಯದಲ್ಲಿ ಸೀಟು ಸಿಕ್ಕರೆ ಇನ್ನೂ ಒಳ್ಳೆಯದು. ದಿನಾ ಬಸ್ಸಿನಲ್ಲಿ ಹೋಗಿ ಬರುವುದಾದರೆ ಓದುವ ಹೊತ್ತು ರಸ್ತೆಯಲ್ಲಿ ಹೋಗುತ್ತದೆ ಅನ್ನುವುದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಮೂರನೆಯದು ಆ ವಸತಿ ಕಾಲೇಜು. ಶುಲ್ಕದಲ್ಲಿ ದೊಡ್ಡ ರಿಯಾಯಿತಿ ಬರವಣಿಗೆಯಲ್ಲಿ ಸಿಕ್ಕಿ, ಮಗಳಿಗೇ ಹೋಗುವ ಮನಸ್ಸಿದ್ದರೆ ಮಾತ್ರ ಯೋಚಿಸಿ.

ಮೊದಲೆರಡರಲ್ಲಿ ಕೋಚಿಂಗ್ ಇಲ್ಲವಲ್ಲ ಅನ್ನುತ್ತೀರಿ. ಪ್ರಥಮ ಪಿಯುಸಿಗೆ ನಿಜವಾಗಿ ಬೇಕಿರುವುದು ಪಠ್ಯಪುಸ್ತಕ ಮತ್ತು ಅದನ್ನು ಪೂರ್ತಿ ಓದುವ ಅಭ್ಯಾಸ. ಪಿಯು ವಿಜ್ಞಾನಕ್ಕೆ ಇರುವುದೂ ಎನ್‌ಸಿಇಆರ್‌ಟಿ ಪಠ್ಯವೇ, ನೀಟ್‌ಗೂ ಅದೇ ಬುನಾದಿ. ಕೆಇಎ ಹಳೆಯ ಪ್ರಶ್ನೆಪತ್ರಿಕೆಗಳು ಅವರ ಜಾಲತಾಣದಲ್ಲಿ ಪುಕ್ಕಟೆ. ಕೇಂದ್ರ ಶಿಕ್ಷಣ ಸಚಿವಾಲಯ ಐಐಟಿ ಕಾನ್ಪುರದ ಜೊತೆ 2023ರಲ್ಲಿ ಶುರು ಮಾಡಿದ ‘ಸಾಥಿ’ ಜಾಲತಾಣದಲ್ಲಿ ನೀಟ್ ತಯಾರಿಯ ಪಾಠಗಳು ಉಚಿತವಾಗಿವೆ. ಯಾವ ಗೈಡ್ ಕೊಂಡರೂ ಈ ವರ್ಷದ ಪಠ್ಯಕ್ರಮಕ್ಕೆ ಹೊಂದುತ್ತದಾ ನೋಡಿ. 2024ರ ಸಿಇಟಿಯಲ್ಲಿ ಕೈಬಿಟ್ಟ ಪಾಠಗಳಿಂದಲೇ ಪ್ರಶ್ನೆ ಬಂದು, ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಹೊರಗಿಡಬೇಕಾಯಿತು. ಪರೀಕ್ಷೆ ನಡೆಸುವವರೇ ಎಡವುವಾಗ ಗೈಡ್ ಅಚ್ಚು ಹಾಕುವವರ ಮಾತೇನು. ಕೋಚಿಂಗ್ ಬೇಕೇ ಅನ್ನಿಸಿದರೆ ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದು ಸಿಇಟಿವರೆಗಿನ ಕ್ರ್ಯಾಷ್ ಕೋರ್ಸ್ ಸಾಕು. ಅದರ ಖರ್ಚು ಒಡವೆಯವರೆಗೆ ಹೋಗುವುದಿಲ್ಲ.

ಇಂಗ್ಲಿಷ್ ಹೆದರಿಕೆ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಯಾಕೆಂದರೆ ಇಲ್ಲಿ ರೋಗ ಒಂದು, ಮದ್ದು ಇನ್ನೊಂದಾಗುತ್ತಿದೆ. ಪ್ರಥಮ ಪಿಯುಸಿಯ ಮೊದಲ ಕಿರುಪರೀಕ್ಷೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳು ಕುಸಿದಾಗ ಎಲ್ಲರೂ ಬೈಯುವುದು ಇಂಗ್ಲಿಷನ್ನು. ಇಂಗ್ಲಿಷ್ ಮಾಧ್ಯಮದಿಂದ ಬಂದ ಮಕ್ಕಳೂ ಅದೇ ಟೆಸ್ಟಿನಲ್ಲಿ ಕುಸಿದಿರುತ್ತಾರೆ, ಅದನ್ನು ಯಾರೂ ಗಮನಿಸುವುದಿಲ್ಲ. ನಿಜವಾದ ತೊಡಕು ಗಣಿತದ್ದು. ಫಿಸಿಕ್ಸ್‌ನ ಶುರುವಿನ ಪಾಠದಲ್ಲೇ ಚಲನೆಗೆ ಡಿಫರೆನ್ಸಿಯೇಷನ್ ಬೇಕು, ವೆಕ್ಟರ್ ಬೇಕು, ತ್ರಿಕೋನಮಿತಿ ಸಲೀಸಾಗಿ ಬರಬೇಕು. ಗಣಿತದ ಉಪನ್ಯಾಸಕರು ಆ ಹೊತ್ತಿಗೆ ಸೆಟ್ಸ್ ಕಲಿಸುತ್ತಿರುತ್ತಾರೆ. ಡಿಫರೆನ್ಸಿಯೇಷನ್ ಅವರಲ್ಲಿ ಬರುವುದು ವರ್ಷದ ಕೊನೆಯ ಭಾಗದಲ್ಲಿ. ಮಗುವಿಗೆ ತಾನು ದಡ್ಡಿ ಅನ್ನಿಸುತ್ತದೆ, ಅಪ್ಪನಿಗೆ ಇಂಗ್ಲಿಷ್ ಬರಲಿಲ್ಲ ಅನ್ನಿಸುತ್ತದೆ. ಇಬ್ಬರೂ ತಪ್ಪು. ಕಾಲೇಜು ಶುರುವಾಗುವ ಮೊದಲು ಹತ್ತನೇ ತರಗತಿಯ ತ್ರಿಕೋನಮಿತಿ, ಬೀಜಗಣಿತ ಮತ್ತೊಮ್ಮೆ ಗಟ್ಟಿ ಮಾಡಿಕೊಳ್ಳಲಿ. ಹೊಸ ಪಾಠ ಏನೂ ಬೇಡ.

ಭಾಷೆಗೆ ಸುಲಭ ದಾರಿ ಇದೆ. ಅವಳು ಓದಿದ ಒಂಬತ್ತು, ಹತ್ತನೇ ತರಗತಿಯ ವಿಜ್ಞಾನ, ಗಣಿತ ಪುಸ್ತಕಗಳ ಇಂಗ್ಲಿಷ್ ಮಾಧ್ಯಮದ ಪ್ರತಿ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಪಾಠ ಅದೇ, ಚಿತ್ರ ಅದೇ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಈ ರಜೆಯಲ್ಲಿ ದಿನಕ್ಕೆ ಒಂದೆರಡು ಪುಟ ಓದಲಿ. ವಿಷಯ ಮೊದಲೇ ಗೊತ್ತಿರುವುದರಿಂದ ಪದಗಳು ತಾವಾಗಿ ಕೂರುತ್ತವೆ. ಗೊತ್ತಿಲ್ಲದ ವಿಷಯವನ್ನು ಗೊತ್ತಿಲ್ಲದ ಭಾಷೆಯಲ್ಲಿ ಓದುವ ಇಬ್ಬಗೆಯ ಕಷ್ಟ ತಪ್ಪುತ್ತದೆ. ನೀಟ್ ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲೂ ಕೇಳಿ ಪಡೆಯಬಹುದು, ಜೊತೆಗೆ ಇಂಗ್ಲಿಷ್ ಇರುತ್ತದೆ, ಗೊಂದಲ ಬಂದಾಗ ಇಂಗ್ಲಿಷ್ ಪಾಠವೇ ಅಂತಿಮ. ಎರಡು ವರ್ಷ ಇಂಗ್ಲಿಷ್‌ನಲ್ಲಿ ಓದಿ ಪರೀಕ್ಷೆಯ ದಿನ ಕನ್ನಡದ ಪಾರಿಭಾಷಿಕ ಪದ ಹುಡುಕುತ್ತಾ ಕೂರುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಆ ತೀರ್ಮಾನ ಎರಡು ವರ್ಷದ ನಂತರ ಅವಳದ್ದು.

ಕೋಟಾ ವಿಷಯ ಚಿಕ್ಕದು, ಆದರೆ ಇಲ್ಲಿ ಎಡವಿದರೆ ಸರಿಪಡಿಸಲಾಗದು. ಗ್ರಾಮೀಣ ಮೀಸಲಾತಿ ಶೇ. 15, ಕನ್ನಡ ಮಾಧ್ಯಮದ್ದು ಶೇ. 5. ಎರಡಕ್ಕೂ ನೋಡುವುದು ಒಂದರಿಂದ ಹತ್ತನೇ ತರಗತಿ ಮಾತ್ರ. ಪಿಯುಸಿಯನ್ನು ಹಾಸನದಲ್ಲಿ ಓದಿದರೂ, ಬೆಂಗಳೂರಿನಲ್ಲಿ ಓದಿದರೂ, ಇಂಗ್ಲಿಷ್‌ನಲ್ಲಿ ಓದಿದರೂ ನಿಮ್ಮ ಮಗಳು ಎರಡಕ್ಕೂ ಅರ್ಹಳು. ಇದನ್ನು ಓದುತ್ತಿರುವ, ಮಕ್ಕಳು ಇನ್ನೂ ಏಳನೇ ತರಗತಿಯಲ್ಲಿರುವ ಬೇರೆ ಪೋಷಕರಿಗೆ ಒಂದು ಮಾತು: ಹೈಸ್ಕೂಲಿಗೆ ಪಟ್ಟಣದ ಶಾಲೆಗೆ ಹಾಕಿದರೆ ಗ್ರಾಮೀಣ ಕೋಟಾ ಅಲ್ಲಿಗೆ ಮುಗಿಯಿತು, ಹತ್ತೂ ವರ್ಷ ಗ್ರಾಮೀಣ ಪ್ರದೇಶದಲ್ಲೇ ಇರಬೇಕು. ಹಾಗಂತ ಮೇಷ್ಟ್ರಿಲ್ಲದ ಶಾಲೆಯಲ್ಲಿ ಕೋಟಾಕ್ಕಾಗಿ ಮಗುವನ್ನು ಕೊಳೆಹಾಕುವುದೂ ಜಾಣತನವಲ್ಲ.

ನಿಮ್ಮ ವಿಷಯದಲ್ಲಿ ಕಾಗದಗಳನ್ನು ಈಗಲೇ ಮಾಡಿಸಿಕೊಳ್ಳಿ. ಒಂದರಿಂದ ಹತ್ತರವರೆಗೆ ಯಾವ ತರಗತಿ, ಯಾವ ಶಾಲೆ, ಯಾವ ಮಾಧ್ಯಮ ಎಂಬ ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಪ್ರಾಥಮಿಕ ಶಾಲೆ ಬೇರೆ, ಹೈಸ್ಕೂಲು ಬೇರೆಯಾಗಿದ್ದರೆ ಎರಡೂ ಕಡೆಯದು. ಜಾತಿ ಮತ್ತು ಆದಾಯ ಪತ್ರ ನಾಡಕಚೇರಿಯಿಂದ. ಅದರ ಮೇಲೆ ಅಚ್ಚಾಗಿರುವ ಆರ್‌ಡಿ ಸಂಖ್ಯೆಯನ್ನೇ ಸಿಇಟಿ ಅರ್ಜಿಯಲ್ಲಿ ಕೇಳುತ್ತಾರೆ. ನೀವು ಸಾಮಾನ್ಯ ವರ್ಗದವರಾದರೂ ಗ್ರಾಮೀಣ ಕೋಟಾಕ್ಕೆ ಕೆನೆಪದರಕ್ಕೆ, ಅಂದರೆ ಸ್ಥಿತಿವಂತರ ಗುಂಪಿಗೆ, ಸೇರಿಲ್ಲ ಎಂಬ ಪ್ರಮಾಣಪತ್ರ ಬೇಕಾಗುತ್ತದೆ. ಎಲ್ಲದರಲ್ಲೂ ಮಗಳ ಹೆಸರು, ನಿಮ್ಮ ಹೆಸರು, ಇನಿಷಿಯಲ್ ಸಮೇತ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದಂತೆಯೇ ಇರಲಿ. ಆಧಾರ್‌ನಲ್ಲಿ ಒಂದಕ್ಷರ ಬೇರೆ ಇದ್ದರೆ ಈಗಲೇ ತಿದ್ದಿಸಿ. ಶಾಲೆ ಮತ್ತೆ ಶುರುವಾದ ಕೂಡಲೇ ಮುಖ್ಯೋಪಾಧ್ಯಾಯರನ್ನು ಕಾಣಿ. ಆ ಹೊತ್ತಿಗೆ ವರ್ಗಾವಣೆಯ ಗದ್ದಲವೂ ಆರಂಭವಾಗಿರುತ್ತದೆ, ಹೊಸದಾಗಿ ಬಂದವರಿಗೆ ಹತ್ತು ವರ್ಷದ ದಾಖಲಾತಿ ಪುಸ್ತಕ ಹುಡುಕಿಸುವುದು ಸುಲಭದ ಕೆಲಸವಲ್ಲ.